ಇಐಎಫ್2-ಆಲ್ಫಾ ಆಂಟಿಬಾಡಿ ಕಿಟ್: ರಾಯಚೂರಿನ ಲ್ಯಾಬಿಗೆ ಆದೀತೇ?

ಇಐಎಫ್2-ಆಲ್ಫಾ ಎಂದರೆ ಕೋಶದಲ್ಲಿ ಪ್ರೋಟೀನ್ ತಯಾರಿ ಶುರುಮಾಡಲು ಬೇಕಾದ ಒಂದು ಪ್ರೋಟೀನ್. ಅದನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಪಟ್ಟೆಯಾಗಿ ತೋರಿಸುವ ವಿಧಾನ) ಗುರುತಿಸುವ ಈ ಕಿಟ್‌ನಲ್ಲಿ ಮೂರು ಶೀಶೆ ಆಂಟಿಬಾಡಿ: ಫಾಸ್ಫೇಟ್ ಅಂಟಿದ ಇಐಎಫ್2-ಆಲ್ಫಾವನ್ನಷ್ಟೇ ಹಿಡಿಯುವುದು, ಒಟ್ಟು ಇಐಎಫ್2-ಆಲ್ಫಾ ಹಿಡಿಯುವುದು, ಒತ್ತಡಕ್ಕೆ ಉತ್ತರಿಸುವ ಜೀನ್‌ಗಳನ್ನು ಎಬ್ಬಿಸುವ ಎಟಿಎಫ್4 ಪ್ರೋಟೀನ್ ಹಿಡಿಯುವುದು. ಕೋಶ ಒತ್ತಡಕ್ಕೆ ಸಿಕ್ಕಾಗ ಇಐಎಫ್2-ಆಲ್ಫಾದ 51ನೇ ಅಮೈನೊ ಆಮ್ಲವಾದ ಸೆರೀನ್ ಮೇಲೆ ಫಾಸ್ಫೇಟ್ ಕೂರುತ್ತದೆ. ಆಗ ಇಐಎಫ್2ನ್ನು ಮತ್ತೆ ಕೆಲಸಕ್ಕೆ ಸಜ್ಜುಮಾಡುವ ಇಐಎಫ್2ಬಿಯ ಕೈ ಕಟ್ಟಿಹೋಗಿ ಬಹುತೇಕ ಪ್ರೋಟೀನ್‌ಗಳ ತಯಾರಿ ಇಳಿಯುತ್ತದೆ, ಎಟಿಎಫ್4ನಂಥ ಕೆಲವು ಮಾತ್ರ ಏರುತ್ತವೆ. ಇಐಎಫ್2-ಆಲ್ಫಾದ ಪಟ್ಟೆ 38 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಸ್ವಚ್ಛವಾಗಿ ಬರುತ್ತದೆ.

"ಏನೂ ಹಾಕದ ಕೋಶದಾಗೂ ಪಟ್ಟೆ ಬರ್ತದ" ಎಂಬ ದೂರನ್ನು ಕಿಟ್‌ನ ತಲೆಗೆ ಕಟ್ಟುವ ಮುಂಚೆ ಮೀಡಿಯಂ (ಕೋಶ ಬೆಳೆಸುವ ದ್ರವ) ನೋಡಿ. ಬಹಳ ದಿನ ಬದಲಿಸದಿದ್ದರೆ ಅಮೈನೊ ಆಮ್ಲ ಖಾಲಿಯಾಗಿ ಫಾಸ್ಫೇಟ್ ಅಂಟಿಸುವ ಜಿಸಿಎನ್2 ಎನ್‌ಜೈಮ್ ತಾನಾಗಿ ಎಚ್ಚರಗೊಳ್ಳುತ್ತದೆ. ಹಿಂದಿನ ಸಂಜೆಯೇ ಹೊಸದು ಹಾಕಿಡಿ. ಇದರ ಉಲ್ಟಾ ತೊಂದರೆ, ಒತ್ತಡ ಕೊಟ್ಟ ಕೋಶದಲ್ಲೂ ಪಟ್ಟೆ ಮಸುಕು. ಕರೆಂಟ್ ಹೋಗಿ ಎಸಿ ನಿಂತ ಮೇ ತಿಂಗಳ ಮಧ್ಯಾಹ್ನ ಬೆಂಚ್ ಮೇಲಿಟ್ಟ ಸ್ಯಾಂಪಲ್‌ನಲ್ಲಿ ಫಾಸ್ಫಟೇಸ್‌ಗಳು ಫಾಸ್ಫೇಟ್ ಕಿತ್ತುಹಾಕಿರುತ್ತವೆ. ಅವನ್ನು ತಡೆಯಲು ಸೋಡಿಯಂ ವನಡೇಟ್ ಒಂದನ್ನೇ ನಂಬಿದರೆ ಕೆಟ್ಟಿರಿ. ಅದು ತಡೆಯುವುದು ಟೈರೊಸಿನ್ ಫಾಸ್ಫಟೇಸ್‌ಗಳನ್ನು, ಇಲ್ಲಿರುವುದು ಸೆರೀನ್. 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, ಜೊತೆಗೆ ಬೀಟಾ-ಗ್ಲಿಸರೊಫಾಸ್ಫೇಟ್ ಬೇಕು. ನಮ್ಮ ಬಿಸಿಲಿಗೆ ಇನ್ನೂ ಸಲೀಸು, ಎನ್‌ಜೈಮ್‌ಗಳನ್ನು ತಕ್ಷಣ ಕೆಡಿಸುವ ಬಿಸಿ ಎಸ್‌ಡಿಎಸ್ (ಡಿಟರ್ಜೆಂಟ್) ಬಫರನ್ನು ನೇರ ಕೋಶಗಳ ಮೇಲೆ ಸುರಿದು ಕೆರೆದುಕೊಳ್ಳುವುದು.

ಬ್ಲಾಟ್‌ನ ಖಾಲಿ ಜಾಗ ಮುಚ್ಚಲು (ಬ್ಲಾಕಿಂಗ್) ಕೈಪಿಡಿ ಹಾಲಿನ ಪುಡಿಯೂ ನಡೆದೀತು ಎನ್ನುತ್ತದೆ. ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ತುಂಬಿರುವಾಗ ಆ ಸಲಹೆ ಏಕೋ! ಟಿಬಿಎಸ್‌ಟಿ ಬಫರಿನಲ್ಲಿ 5% ಬಿಎಸ್‌ಎ (ದನದ ರಕ್ತದ ಅಲ್ಬುಮಿನ್) ಸಾಕು. ಆಂಟಿಬಾಡಿ 1:1000, 4 ಡಿಗ್ರಿಯಲ್ಲಿ ರಾತ್ರಿಯಿಡೀ.

ಪಟ್ಟೆ ಬರಲೇಬೇಕಾದ ಕಂಟ್ರೋಲ್‌ಗೆ 0.5 ಮಿಲಿಮೋಲಾರ್ ಸೋಡಿಯಂ ಆರ್ಸೆನೈಟ್, ಅರ್ಧ ಗಂಟೆ. ಇದು ವಿಷ, ಸಿಂಕಿಗೆ ಚೆಲ್ಲಬೇಡಿ. ಎಟಿಎಫ್4 ಕಾಣಲು ಅರ್ಧ ಗಂಟೆ ಸಾಲದು. 1 ಮೈಕ್ರೊಮೋಲಾರ್ ಥಾಪ್ಸಿಗಾರ್ಜಿನ್ (ಇದೂ ಕೋಶಕ್ಕೆ ಒತ್ತಡ ಕೊಡುವ ರಾಸಾಯನಿಕ) ಹಾಕಿ 4 ಗಂಟೆ ಬಿಡಿ.

ತೊಗರಿ, ಭತ್ತದ ಎಲೆ ಅರೆಯುವವರಿಗೆ ಪೂರ್ತಿ ಕಿಟ್ ದಂಡ. ಪ್ರಾಣಿಕೋಶದಲ್ಲಿ ಇಐಎಫ್2-ಆಲ್ಫಾಗೆ ಫಾಸ್ಫೇಟ್ ಅಂಟಿಸುವ ನಾಲ್ಕು ಕೈನೇಸ್‌ಗಳಲ್ಲಿ (ಪರ್ಕ್, ಪಿಕೆಆರ್, ಎಚ್‌ಆರ್‌ಐ, ಜಿಸಿಎನ್2) ಸಸ್ಯದಲ್ಲಿರುವುದು ಜಿಸಿಎನ್2 ಮಾತ್ರ, ಎಟಿಎಫ್4 ಶೀಶೆ ಫ್ರೀಜರ್‌ನಲ್ಲೇ ಉಳಿಯುತ್ತದೆ. ಫಾಸ್ಫೊ ಆಂಟಿಬಾಡಿಯ ಸಣ್ಣ ಶೀಶೆ ಬಿಡಿಯಾಗಿ ತರಿಸಿ, ಕ್ಲೋರ್‌ಸಲ್ಫ್ಯೂರಾನ್ ಕಳೆನಾಶಕ ಕೊಟ್ಟ ಎಲೆಯ ಮೇಲೆ ಮೊದಲು ಪರೀಕ್ಷಿಸಿ. ಅದು ಕವಲು ಸರಪಳಿಯ ಅಮೈನೊ ಆಮ್ಲಗಳ ತಯಾರಿ ತಡೆದು ಜಿಸಿಎನ್2ನ್ನು ಎಬ್ಬಿಸುತ್ತದೆ.

ಪಾರ್ಸೆಲ್ ಬರುವುದು ಜೆಲ್ ಪ್ಯಾಕ್‌ನಲ್ಲಿ. ಶುಕ್ರವಾರ ಹೊರಟರೆ ವಾರಾಂತ್ಯವೆಲ್ಲ ಕೊರಿಯರ್ ಗೋದಾಮಿನಲ್ಲಿ ಬೇಯುತ್ತದೆ, ಸೋಮವಾರವೇ ಕಳಿಸಲು ಹೇಳಿ. ಬೆರೆಸಿದ ಆಂಟಿಬಾಡಿಯನ್ನು 0.02% ಸೋಡಿಯಂ ಅಜೈಡ್ ಹಾಕಿಟ್ಟು ಮತ್ತೆ ಬಳಸಬಹುದು. ಆದರೆ ಪಟ್ಟೆ ಕಾಣಿಸುವ ಎನ್‌ಜೈಮ್ ಎಚ್‌ಆರ್‌ಪಿ ಇರುವ ಸೆಕೆಂಡರಿ ಆಂಟಿಬಾಡಿಗೆ ಅಜೈಡ್ ಸೋಕಕೂಡದು, ಎನ್‌ಜೈಮ್ ಸತ್ತು ಬ್ಲಾಟ್ ಖಾಲಿ ಬರುತ್ತದೆ.