ಯಾರು ಹೇಳಿದ್ದು, ಯಾರು ಕೇಳಿಸ್ಕೊಂಡಿದ್ದು? ಒಂದು ಇ-ಪೇಪರ್ ವರ್ಷ ಪೂರ್ತಿ ಓದಿದ ಮೇಲೆ (5ಕ್ಕೆ 2 ಸ್ಟಾರ್)

ಒಂದು ವರ್ಷದಿಂದ ನಮ್ಮೂರ ಕಡೆಯ ಒಂದು ಡೈಲಿಯ ಇ-ಪೇಪರ್‌ಗೆ ದುಡ್ಡು ಕಟ್ಟಿ ಓದ್ತಿದೀನಿ. ಹೆಸರು ಬರಿಯಲ್ಲ, ಕಮ್ಮಿ ದುಡ್ಡಿಗೆ ದುಡಿಯೋ ತಾಲೂಕು ವರದಿಗಾರರ ಹೊಟ್ಟೆ ಮೇಲೆ ಹೊಡೆಯೋದು ನಂಗೆ ಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಮೊದಲೇ ಪೇಜ್ ಓಪನ್ ಆಗುತ್ತೆ, ದೊಡ್ಡದು ಮಾಡಿದ್ರೂ ಅಕ್ಷರ ಒಡೆಯಲ್ಲ, ಅಡಿಕೆ ಧಾರಣೆ ಕರೆಕ್ಟಾಗಿರುತ್ತೆ. ಅಷ್ಟಕ್ಕೆ ಫುಲ್ ಮಾರ್ಕ್ಸ್. ನನ್ನ ತಕರಾರಿರೋದು ಅವರು ಕೋಟ್ ಒಳಗೆ ಹಾಕೋ ಮಾತಿನ ಬಗ್ಗೆ.

ಮಳೆಗಾಲ ಮುಗಿಯೋ ಹೊತ್ತಿಗೆ ಚಿಕ್ಕಪ್ಪನ ತೋಟಕ್ಕೆ ಆನೆ ಬಂದಿತ್ತು. ಬೆಳಿಗ್ಗೆ ಫೋನ್ ಮಾಡಿ ಹೇಳಿದ್ರು, "ರಾತ್ರಿ ಎರಡು ಬಂದ್ವು ಮಾರಾಯ್ತಿ, ಬಾಳೆ ಎಲ್ಲ ಮುಗೀತು, ಮೇಲಿನ ತೋಟಕ್ಕೂ ಹೋದ್ವಂತೆ." ಮಾರನೇ ದಿನ ಪೇಪರಲ್ಲಿ ಅವರ ಹೆಸರು, ಕೋಟ್ ಒಳಗೆ ಹೀಗಿತ್ತು: ‘ಜೀವನಾಧಾರವಾಗಿದ್ದ ತೋಟ ನಾಶವಾಗಿದೆ. ಅರಣ್ಯ ಇಲಾಖೆ ಸಿಬ್ಬಂದಿ ಇತ್ತ ತಲೆ ಹಾಕಿಲ್ಲ. ಸರ್ಕಾರ ಕೂಡಲೇ ಪರಿಹಾರ ನೀಡಬೇಕು’. ಚಿಕ್ಕಪ್ಪನ ಹತ್ರ ಯಾವ ವರದಿಗಾರರೂ ಮಾತಾಡಿರಲಿಲ್ಲ! ಆ ರಾತ್ರಿ ಫಾರೆಸ್ಟ್ ವಾಚರ್ ಒಬ್ರು ಪಟಾಕಿ, ಟಾರ್ಚು ಹಿಡ್ಕೊಂಡು ಮೂರು ಗಂಟೆವರೆಗೂ ಇವರ ಜೊತೆನೇ ತೋಟದಲ್ಲಿ ನಿಂತಿದ್ರು, ಅವರು ಬೆಳಿಗ್ಗೆ ಚಾ ಅಂಗಡಿಯಲ್ಲಿ ಆ ಪೇಪರ್ ಓದಿ ಸೀದಾ ಮನೆಗೆ ಬಂದು "ನಾನು ಬಂದಿರ್ಲಿಲ್ವಾ ಯಜಮಾನ್ರೇ" ಅಂತ ಕೇಳಿದ್ರಂತೆ. ಚಿಕ್ಕಪ್ಪಂಗೆ ಏನು ಹೇಳ್ಬೇಕು ಅಂತಲೇ ಗೊತ್ತಾಗಿಲ್ಲ.

ನಾನು ಸಂಪಾದಕರಿಗೆ ಮೇಲ್ ಹಾಕಿದೆ. ಡೆಸ್ಕಿಂದ ಒಬ್ರು ಫೋನ್ ಮಾಡಿದ್ರು, ಮರ್ಯಾದೆಯಿಂದಲೇ ಮಾತಾಡಿದ್ರು. ಪಕ್ಕದ ತೋಟದವರು ಫೋನಲ್ಲಿ ಹೇಳಿದ್ದಂತೆ, ಒಬ್ಬ ವರದಿಗಾರರು ಅದನ್ನ ಬರೆದು ತಾಲೂಕು ವರದಿಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು, ಅಲ್ಲಿಂದ ಇವರ ವರದಿಗಾರರು ಎತ್ಕೊಂಡಿದ್ದು. "ಹಳ್ಳಿ ಸುದ್ದಿ ಎಲ್ಲ ಹಾಗೇ ಮೇಡಂ, ಎಲ್ಲಾ ಕಡೆಗೂ ಹೋಗಕ್ಕಾಗಲ್ಲ" ಅಂದ್ರು. ತಿದ್ದುಪಡಿ ಇವತ್ತಿನವರೆಗೂ ಬಂದಿಲ್ಲ.

ಎಲ್ಲಾ ಕಡೆ ಹೋಗಕ್ಕಾಗಲ್ಲ, ಒಪ್ತೀನಿ. ಆದ್ರೆ ‘ತೋಟಕ್ಕೆ ಸಿಬ್ಬಂದಿ ಬಂದಿಲ್ಲ ಎಂದು ನೆರೆಯ ತೋಟದ ಮಾಲೀಕರು ದೂರವಾಣಿಯಲ್ಲಿ ತಿಳಿಸಿದರು’ ಅಂತ ಬರೆಯೋಕೆ ಎಷ್ಟು ಜಾಗ ಬೇಕು? ಒಂದೇ ಸಾಲು. ಚಿಕ್ಕಪ್ಪನ ಮಾತನ್ನೇ ನೋಡಿ, ಕಣ್ಣಾರೆ ಕಂಡಿದ್ದಕ್ಕೆ "ಬಂದ್ವು", ಇನ್ನೊಬ್ಬರಿಂದ ಕೇಳಿದ್ದಕ್ಕೆ "ಹೋದ್ವಂತೆ". ಯೋಚನೆ ಮಾಡಿ ಹೇಳಿದ್ದಲ್ಲ, ನಮ್ಮ ಬಾಯಲ್ಲಿ ಕನ್ನಡ ಬರೋದೇ ಹಾಗೆ. ಕಂಡಿದ್ದು, ಕೇಳಿದ್ದು ಬೇರೆ ಮಾಡೋಕೆ ಒಂದು "ಅಂತೆ" ಸಾಕು ನಮಗೆ. ಪೇಪರ್ ಕನ್ನಡಕ್ಕೆ ಬಂದ ಕೂಡಲೇ ಅದು ಉದುರಿ ಹೋಗಿ, ಒಂದೋ ಸೀದಾ ಕೋಟು, ಇಲ್ಲಾಂದ್ರೆ ‘ಎನ್ನಲಾಗಿದೆ’. ಅಂದವರು ಯಾರು ಅಂತ ಈ ‘ಎನ್ನಲಾಗಿದೆ’ ಯಾವತ್ತೂ ಹೇಳಲ್ಲ, ನಂಗಂತೂ ಅದು "ಅಂತೆ"ಗಿಂತ ಕಮ್ಮಿ ಪ್ರಾಮಾಣಿಕ ಅನ್ಸುತ್ತೆ.

ಇದು ಸಣ್ಣ ಪೇಪರ್‌ಗಳ ಕಥೆ ಮಾತ್ರ ಅಲ್ಲ. 2009ರ ಮಾರ್ಚಲ್ಲಿ ಮೂರು ಆಸ್ಕರ್ ಗೆದ್ದಿದ್ದ ಸಂಗೀತ ನಿರ್ದೇಶಕ ಮೊರೀಸ್ ಜಾರ್ ತೀರ್ಕೊಂಡಾಗ ಡಬ್ಲಿನ್ನಿನ ಒಬ್ಬ ಸ್ಟೂಡೆಂಟ್ ತಾನೇ ಹುಟ್ಟಿಸಿದ ಮಾತೊಂದನ್ನ ಅವರ ವಿಕಿಪೀಡಿಯ ಪೇಜಿಗೆ ಸೇರಿಸಿದ, ಪತ್ರಕರ್ತರು ಚೆಕ್ ಮಾಡ್ತಾರಾ ನೋಡೋಣ ಅಂತ. ಗಾರ್ಡಿಯನ್ ಸೇರಿ ಹಲವು ಪೇಪರ್‌ಗಳು ಅದನ್ನ ಸತ್ತವರ ಬಾಯಲ್ಲಿ ಇಟ್ಟು ಛಾಪಿಸಿದ್ವು, ಸುಮಾರು ಒಂದು ತಿಂಗಳಾದ ಮೇಲೆ ಆ ಹುಡುಗನೇ ಹೇಳೋವರೆಗೂ ಯಾರಿಗೂ ಗೊತ್ತಾಗ್ಲಿಲ್ಲ. ಮೊದಲು ಎಲ್ಲಿ ಹೇಳಿದ್ದು ಅಂತ ಒಬ್ಬರಾದ್ರೂ ಹುಡುಕಿದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು. ಆದ್ರೆ ಗಾರ್ಡಿಯನ್ ತಪ್ಪನ್ನ ತಿದ್ದಿ, ಅಲ್ಲಿನ ಓದುಗರ ಸಂಪಾದಕರು, ಅಂದ್ರೆ ಓದುಗರ ದೂರು ನೋಡ್ಕೊಳ್ಳೋ ರೀಡರ್ಸ್ ಎಡಿಟರ್, ಆ ಬಗ್ಗೆ ಅಂಕಣನೇ ಬರೆದ್ರು. ನಮ್ಮಲ್ಲೂ ದಿ ಹಿಂದೂ 2006ರಲ್ಲೇ ರೀಡರ್ಸ್ ಎಡಿಟರ್ ಅಂತ ಒಬ್ಬರನ್ನ ಕೂರಿಸಿತ್ತು. ನಾನು ದುಡ್ಡು ಕಟ್ಟೋ ಈ ಪೇಪರಲ್ಲಿ ತಿದ್ದುಪಡಿಗೆ ಅಂತ ಒಂದು ಮೂಲೆನೂ ಇಲ್ಲ.

ಅವರಿಗೆ ಬರೋದೇ ಇಲ್ಲ ಅಂತಲೂ ಅಲ್ಲ, ಅದೇ ಬೇಜಾರು. ದೆಹಲಿ ಸುದ್ದಿ ಕೆಳಗೆ ನೀಟಾಗಿ ಪಿಟಿಐ ಅಂತ ಸುದ್ದಿಸಂಸ್ಥೆ ಹೆಸರು ಇರುತ್ತೆ, ಪ್ರೆಸ್ ನೋಟ್ ಆದ್ರೆ ‘ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಅಂತಾರೆ, ಮಂತ್ರಿ ಟಿವಿಯಲ್ಲಿ ಹೇಳಿದ್ರೆ ಯಾವ ಚಾನೆಲ್ ಅಂತ ಬರೀತಾರೆ. ಆ ಎಚ್ಚರಿಕೆ ತೋಟದವರಿಗೆ, ಆಸ್ಪತ್ರೆ ಮುಂದೆ ಅಳ್ತಾ ಕೂತವರಿಗೆ ಯಾಕಿಲ್ಲ? ಮಂತ್ರಿ ಆದ್ರೆ ಮಾರನೇ ದಿನವೇ ‘ನಾನು ಹಾಗೆ ಹೇಳಿಲ್ಲ’ ಅಂತ ಸ್ಪಷ್ಟನೆ ಕೊಡಬಹುದು, ಚಿಕ್ಕಪ್ಪ ಎಲ್ಲಿ ಕೊಡ್ಬೇಕು? ಡೈಲಿ ಮೇಲೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡೋಕೆ ಎರಡು ತಿಂಗಳ ಗಡುವು ಇದೆ, ಕೊಡೋಣ ಅಂದೆ. "ಬ್ಯಾಡ ಮಾರಾಯ್ತಿ, ವಾಚರ್‌ಗೆ ನಾನೇ ಇನ್ನೊಂದ್ಸಲ ಹೇಳ್ತೀನಿ" ಅಂದ್ರು.

ಮುಂದಿನ ತಿಂಗಳು ರಿನ್ಯೂವಲ್ ಇದೆ. ಧಾರಣೆಗೋಸ್ಕರ ಈಗ ಮೂರು ತಿಂಗಳಿಗೆ ಮಾತ್ರ ಮಾಡಿಸ್ತೀನಿ. ಅಷ್ಟರಲ್ಲಿ ಆ ಒಂದು ಸಾಲಿನ ತಿದ್ದುಪಡಿ ಬಂದ್ರೆ ವರ್ಷದ್ದು ಕಟ್ತೀನಿ, ಸ್ಟಾರ್ ಕೂಡ ಏರಿಸ್ತೀನಿ.