ಕಡುಬಣ್ಣದ ಕಾರಿಗೆ ಪಾಲಿಶ್: ಮಡಿಕೇರಿಯ ಮಂಜಿನಲ್ಲಿ ಕಾಣದ್ದು ಕುಶಾಲನಗರದ ಬಿಸಿಲಿನಲ್ಲಿ ಕಂಡಿತು

ನಮ್ಮ ಕಾರಿನ ಬಣ್ಣ ಕಡುನೀಲಿ. ಮೋಡ ಕವಿದ ದಿನ ನೋಡಿದವರು ಅದನ್ನು ಕಪ್ಪೆಂದೇ ಹೇಳುತ್ತಾರೆ. ಮಡಿಕೇರಿಯ ಹೊರಗಿನ ತೋಟದ ಮನೆಯಲ್ಲಿ ಐದು ಮಳೆಗಾಲ ಕಂಡ ಈ ಗಾಡಿಗೆ ಕಳೆದ ಎರಡು ವರ್ಷಗಳಲ್ಲಿ ಒಂದಾದ ಮೇಲೊಂದು ಪಾಲಿಶ್ ಹಾಕಿ, ಒರೆಸಿ, ಮತ್ತೆ ಹಾಕಿ ನೋಡಿದ್ದೇನೆ. ಕೊನೆಗೆ ಶೆಡ್ಡಿನ ಹಲಗೆಯ ಮೇಲೆ ಉಳಿದಿರುವುದು ಮೆಗ್ವಾಯರ್ಸ್ ಕಂಪನಿಯ ಅಲ್ಟಿಮೇಟ್ ಪಾಲಿಶ್ ಎಂಬ 473 ಮಿಲಿಲೀಟರಿನ ಬಾಟಲಿ ಮತ್ತು ಅದರ ಪಕ್ಕದಲ್ಲಿ, ಅಪರೂಪಕ್ಕೆ ಮಾತ್ರ ಕೈಗೆತ್ತಿಕೊಳ್ಳುವ, ಪಾಲಿಶಿಗೆ ಹೋಗದ ಗೀರುಗಳನ್ನು ಉಜ್ಜಿ ತೆಗೆಯುವ, ಅದೇ ಕಂಪನಿಯ ಅಲ್ಟಿಮೇಟ್ ಕಾಂಪೌಂಡ್.

ಈ ವಿಷಯದಲ್ಲಿ ನಾನು ತಲೆ ಕೆಡಿಸಿಕೊಳ್ಳುವಂತೆ ಮಾಡಿದ್ದು ಒಂದು ಅಂಗಡಿಯ ಕೆಲಸ. ಸೆಪ್ಟೆಂಬರಿನಲ್ಲಿ ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಗಾಡಿಯನ್ನು ರಬ್ಬಿಂಗ್ ಪಾಲಿಶ್‌ಗೆ ಬಿಟ್ಟಿದ್ದೆ. ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಾನೆಟ್ಟು ಕನ್ನಡಿಯಂತಿತ್ತು. ಹಣ ಕೊಟ್ಟು ಸಂತೋಷದಿಂದಲೇ ಮನೆಗೆ ತಂದೆ. ಎರಡು ದಿನ ಮಂಜು ಸರಿಯಲಿಲ್ಲ, ಗಾಡಿಯೂ ಚೆನ್ನಾಗಿಯೇ ಕಂಡಿತು. ಮೂರನೆಯ ದಿನ ಮೈಸೂರಿಗೆ ಹೊರಟು, ಸುಂಟಿಕೊಪ್ಪ ದಾಟಿ ಕುಶಾಲನಗರ ತಲುಪುವಷ್ಟರಲ್ಲಿ, ಎಂದಿನಂತೆ ಮೋಡವೆಲ್ಲ ಬೆಟ್ಟದ ಮೇಲೆಯೇ ಉಳಿದು ಬಿಸಿಲು ಬಂತು. ಕಾಫಿ ಕುಡಿದು ಹಿಂದಿರುಗಿದಾಗ ಬಾನೆಟ್ಟಿನಲ್ಲಿ ಬಿದ್ದಿದ್ದ ಸೂರ್ಯನ ಸುತ್ತ ಬೂದು ಪಟ್ಟಿಗಳು ಸುತ್ತಿಕೊಂಡಿದ್ದವು. ನಾನು ಒಂದು ಹೆಜ್ಜೆ ಸರಿದರೆ ಅವೂ ಸರಿಯುತ್ತಿದ್ದವು. ವೇಗವಾಗಿ ತಿರುಗುವ ಯಂತ್ರಕ್ಕೆ ಒರಟು ಕಾಂಪೌಂಡ್ ಹಚ್ಚಿ ಉಜ್ಜಿ, ಆಮೇಲೆ ನಯಗೊಳಿಸುವ ಎರಡನೆಯ ಸುತ್ತನ್ನು ಬಿಟ್ಟುಬಿಟ್ಟರೆ ಉಳಿಯುವ ಗುರುತು ಇದು. ಕಸುಬಿನವರು ಇದನ್ನು ಹೊಲೊಗ್ರಾಮ್ ಎನ್ನುತ್ತಾರೆ. ಅಂಗಡಿಯವರು ಅದರ ಮೇಲೆ ಹಚ್ಚಿದ್ದ ಎಣ್ಣೆಯಂಥ ಹೊಳಪು ಎರಡು ದಿನ ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ.

ಬಿಳಿ ಕಾರಿನಲ್ಲಿ ಇದೇ ತಪ್ಪು ನಡೆದಿದ್ದರೆ ಬಹುಶಃ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ ಮೇಲ್ಮೈಯ ಸಣ್ಣ ಗೀರುಗಳ ಹೊಳಪು ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಒಳಗೆ ಹೋದ ಬೆಳಕನ್ನು ನುಂಗಿಬಿಡುವುದರಿಂದ ನಮ್ಮ ಕಣ್ಣಿಗೆ ಬರುವುದು ಮೇಲ್ಮೈಯಿಂದ ತಿರುಗಿದ ಬೆಳಕು ಮಾತ್ರ, ಹಾಗಾಗಿ ಅಲ್ಲಿ ಒಂದು ಗೀರಿದ್ದರೂ ಅದು ಎದ್ದು ಕಾಣುತ್ತದೆ. ಸ್ಕ್ರಬ್ಬರಿನಲ್ಲಿ ತಿಕ್ಕಿ ತಿಕ್ಕಿ ಹಳತಾದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ. ಬಲ್ಬಿನ ಬಿಂಬದ ಸುತ್ತ ಬಳೆ ಬಳೆಯಾಗಿ ಗೆರೆಗಳು ಕಾಣುತ್ತವೆ, ತಟ್ಟೆಯನ್ನು ಸರಿಸಿದರೆ ಬಳೆಗಳೂ ಸರಿಯುತ್ತವೆ. ಗೀರುಗಳು ನಿಜಕ್ಕೂ ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ನಿಂತವು ಮಾತ್ರ ಹೊಳೆಯುವುದರಿಂದ ಅವು ಸುತ್ತು ಹಾಕಿದಂತೆ ತೋರುತ್ತವೆ. ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ಗೆರೆಗಳೂ ಇವೇ.

ಪಾಲಿಶ್ ಕೊಳ್ಳಲು ಹೋದಾಗ ಅಂಗಡಿಯವರು, "ಕಪ್ಪು ಗಾಡಿಗೆ ಕಪ್ಪು ಪಾಲಿಶೇ ಹಾಕ್ಬೇಕು ಸಾರ್," ಎಂದು ಬಣ್ಣ ಬೆರೆಸಿದ ಬಾಟಲಿಯೊಂದನ್ನು ಮುಂದಿಟ್ಟರು. ನಾನು ಅದನ್ನು ಕೊಂಡೂಬಿಟ್ಟೆ. ಆಮೇಲೆ ಪರಿಚಯದ ಒಬ್ಬ ಹಿರಿಯ ಪೇಂಟರಿಗೆ ಅದನ್ನು ತೋರಿಸಿದಾಗ ಅವರು ಮುಚ್ಚಳ ತೆರೆದು ಮೂಸಿ ನೋಡಿ, "ಮೇಲಿರೋದು ಬಣ್ಣ ಅಲ್ಲ ಸಾರ್, ಗಾಜಿದ್ದ ಹಾಗೆ. ಗಾಜಿಗೆ ಯಾವ ಬಣ್ಣ ಬಳಿತೀರಿ?" ಎಂದು ಕೇಳಿದರು. ಈ ಒಂದು ಮಾತು ತಿಳಿದಿದ್ದರೆ ನನ್ನ ಅರ್ಧ ಖರ್ಚು ಉಳಿಯುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ನಾವು ತೊಳೆಯುವುದು, ಒರೆಸುವುದು, ಗೀರುವುದು, ಉಜ್ಜುವುದು ಎಲ್ಲವೂ ಈ ಪದರವನ್ನೇ. ಬಿಳಿ ಕಾರಿಗೂ ಕಪ್ಪು ಕಾರಿಗೂ ಅದು ಒಂದೇ. ಆದ್ದರಿಂದ ಕಪ್ಪು ಬಣ್ಣಕ್ಕೆಂದೇ ಬೇರೆ ಪಾಲಿಶ್ ಬೇಕಿಲ್ಲ. ಕಪ್ಪು ಬಣ್ಣ ಒರಟು ಪಾಲಿಶನ್ನು ಕ್ಷಮಿಸುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. (ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆಯ ಜೀಪುಗಳ ಮಾತು ಬೇರೆ. ಅವುಗಳ ಬಣ್ಣಕ್ಕೆ ಮೇಲ್ಪದರವೇ ಇರುವುದಿಲ್ಲ. ಉಜ್ಜಿದರೆ ಬಣ್ಣವೇ ಬಟ್ಟೆಗೆ ಹತ್ತುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.)

ಇಷ್ಟು ತಿಳಿದ ಮೇಲೆ ಬಾನೆಟ್ಟಿನ ಮೇಲೆ ಮಾಸ್ಕಿಂಗ್ ಟೇಪಿನಿಂದ ಒಂದೊಂದು ಗೇಣಗಲದ ಮೂರು ಚೌಕಗಳನ್ನು ಮಾಡಿ, ಮೂರಕ್ಕೂ ಬೇರೆ ಬೇರೆ ಪಾಲಿಶ್ ಹಚ್ಚಿ ನೋಡಿದೆ. ಮೊದಲನೆಯದಕ್ಕೆ ಆ ಕಪ್ಪು ಪಾಲಿಶ್. ಹಚ್ಚಿದ ಕೂಡಲೇ ಎಲ್ಲಕ್ಕಿಂತ ಸೊಗಸಾಗಿ ಕಂಡಿದ್ದು ಅದೇ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಎರಡನೆಯದಕ್ಕೆ ಪೇಂಟ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ, ಬೆರಳಿಗೆ ಮರಳಿನಂತೆ ತಾಗುವ ರಬ್ಬಿಂಗ್ ಕಾಂಪೌಂಡ್. ಮೂರನೆಯದಕ್ಕೆ ಅಲ್ಟಿಮೇಟ್ ಪಾಲಿಶ್. ಮೂರನ್ನೂ ಒರೆಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ನೀರಿನೊಡನೆ ಬೆರೆಸಿ, ಬಟ್ಟೆಗೆ ಚಿಮುಕಿಸಿ, ಪ್ರತಿ ಚೌಕವನ್ನೂ ಎರಡು ಬಾರಿ ಒರೆಸಿದೆ. ಹಲವು ಪಾಲಿಶ್‌ಗಳಲ್ಲಿ ಗೀರನ್ನು ತುಂಬಿ ಮುಚ್ಚುವ ಎಣ್ಣೆ ಮತ್ತು ಮೇಣಗಳಿರುತ್ತವೆ; ಈ ದ್ರಾವಣ ಅವನ್ನು ಬಹುಮಟ್ಟಿಗೆ ತೆಗೆದು, ಗೀರು ಹೋಗಿದೆಯೋ ಅಡಗಿದೆಯೋ ಎಂಬುದನ್ನು ತೋರಿಸಿಬಿಡುತ್ತದೆ. ಕೊಡಗಿನಲ್ಲಿ ಬಿಸಿಲಿಗಾಗಿ ಕಾಯುತ್ತ ಕೂರಲಾಗದು. ಶೆಡ್ಡಿನ ದೀಪ ಆರಿಸಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಕು.

ಮೊದಲನೆಯ ಚೌಕದಲ್ಲಿ ಬಟ್ಟೆ ಮಸಿಯಾಯಿತು, ಗೆರೆಗಳೆಲ್ಲ ಒಂದೂ ಬಿಡದೆ ಹಿಂದಿರುಗಿದವು. ಎರಡನೆಯದರಲ್ಲಿ ಹಳೆಯ ಗೆರೆಗಳು ಹೋಗಿದ್ದವು ನಿಜ, ಆದರೆ ಅವುಗಳ ಜಾಗದಲ್ಲಿ ಹಾಲು ಚೆಲ್ಲಿ ಒರೆಸಿದಂಥ ತೆಳು ಮಬ್ಬು ಕೂತಿತ್ತು. ಇಂಥ ಕಾಂಪೌಂಡಿನ ಕಣಗಳು ಉಜ್ಜುತ್ತ ಉಜ್ಜುತ್ತ ಒಡೆದು ನುಣ್ಣಗಾಗಬೇಕು. ಯಂತ್ರದ ಕೆಳಗೆ ಒಡೆಯುತ್ತವೆ, ಕೈಯ ಬಲಕ್ಕೆ ಪೂರ್ತಿ ಒಡೆಯುವುದಿಲ್ಲ, ಹಾಗಾಗಿ ತಾವೇ ಹೊಸ ಗೀರುಗಳನ್ನು ಬಿಟ್ಟುಹೋಗುತ್ತವೆ. ಮೂರನೆಯ ಚೌಕದಲ್ಲಿ ಆಳದ ಒಂದೆರಡು ಗೀರುಗಳು ಉಳಿದಿದ್ದವು. ಆದರೆ ಬಲೆಯಂಥ ಸಣ್ಣ ಗೆರೆಗಳಲ್ಲಿ ಹೆಚ್ಚಿನವು ದ್ರಾವಣದಿಂದ ಒರೆಸಿದ ಮೇಲೂ ಮರಳಿ ಬರಲಿಲ್ಲ, ಟಾರ್ಚಿನ ಬಿಂಬದ ಅಂಚು ಸೂಜಿಯಲ್ಲಿ ಗೀಚಿದಷ್ಟು ಚೂಪಾಗಿತ್ತು. ಹೊಳಪಿನಲ್ಲಿ ಒಂದು ಪಾಲು ಮಾತ್ರ ದ್ರಾವಣದೊಡನೆ ಹೋಯಿತು. ಅಷ್ಟು ಈ ಪಾಲಿಶಿನಲ್ಲಿರುವ ಎಣ್ಣೆಯದ್ದು, ಅದು ಮೋಸವಲ್ಲ. ಮನೆಯ ಬೀಟೆ ಮರದ ಮೇಜಿಗೆ ಎಣ್ಣೆ ಒರೆಸಿದಾಗ ಕಪ್ಪು ಇನ್ನಷ್ಟು ಆಳವಾಗಿ ಕಾಣುವುದಿಲ್ಲವೆ, ಇದೂ ಹಾಗೆಯೇ. 1901ರಲ್ಲಿ ಆರಂಭವಾದ ಈ ಅಮೆರಿಕನ್ ಕಂಪನಿ ಮೊದಲು ತಯಾರಿಸುತ್ತಿದ್ದುದು ಮರದ ಪೀಠೋಪಕರಣಗಳ ಪಾಲಿಶನ್ನೇ ಎಂದು ಆಮೇಲೆ ಓದಿ ತಿಳಿದೆ. 2008ರಿಂದ ಅದು ತ್ರೀ ಎಮ್ ಸಂಸ್ಥೆಯ ಒಡೆತನದಲ್ಲಿದೆ.

ಇದನ್ನೇ ಆರಿಸಲು ನಮ್ಮ ಹವೆಯೂ ಒಂದು ಕಾರಣ. ಕೆಲವು ಪಾಲಿಶ್‌ಗಳನ್ನು ಹಚ್ಚಿ, ಒಣಗಿ ಬೆಳ್ಳಗಾಗುವವರೆಗೆ ಕಾದು, ಆಮೇಲೆ ಒರೆಸಬೇಕು. ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ಊರಿನಲ್ಲಿ ಪಾಲಿಶ್ ಒಣಗಲು ಕಾಯುವವರ ತಾಳ್ಮೆ ದೊಡ್ಡದಿರಬೇಕು. ಅರೆ ಒಣಗಿದ್ದನ್ನು ಒರೆಸಿದರೆ ಅದು ಮೆತ್ತಿಕೊಂಡು ಗಾಡಿಯಿಡೀ ಕೈಗುರುತಿನಂತೆ ಮಂಕಾಗುತ್ತದೆ. ಅಲ್ಟಿಮೇಟ್ ಪಾಲಿಶನ್ನು ಒಂದು ಭಾಗಕ್ಕೆ ಉಜ್ಜಿ, ಹಸಿಯಿರುವಾಗಲೇ ಒರೆಸಿ, ಮುಂದಿನ ಭಾಗಕ್ಕೆ ಹೋಗಬಹುದು. ತಗಡು ಮಾತ್ರ ತಣ್ಣಗಿರಬೇಕು, ಅದಕ್ಕೆ ಮಡಿಕೇರಿಯಲ್ಲಿ ಕೊರತೆಯಿಲ್ಲ.

ತೋಟದ ದಾರಿಯಲ್ಲಿ ಓಡುವ ಗಾಡಿಯ ಎರಡೂ ಪಕ್ಕಗಳಿಗೆ ಕಾಫಿ ಗಿಡದ ರೆಂಬೆಗಳೂ ಲಂಟಾನದ ಮುಳ್ಳೂ ಎಳೆದ ಉದ್ದ ಗೀರುಗಳು ತಪ್ಪಿದ್ದಲ್ಲ. ಅವಕ್ಕೆ ನಯವಾದ ಪಾಲಿಶ್ ಸಾಲದು. ಅಲ್ಲಿ ಮೊದಲು ಅಲ್ಟಿಮೇಟ್ ಕಾಂಪೌಂಡನ್ನು ಹಾಕಿ, ಅದರ ಮೇಲೆ ಪಾಲಿಶ್ ಹಾಕಬೇಕು. ಈ ಕಾಂಪೌಂಡಿನ ಕಣಗಳು ತೀರ ಸಣ್ಣವೂ ಒಂದೇ ಸಮನಾದವೂ ಆಗಿರುವುದರಿಂದ ಡಬ್ಬಿಯ ಕಾಂಪೌಂಡಿನಂತೆ ಒರಟು ಮಬ್ಬನ್ನು ಬಿಡುವುದಿಲ್ಲ. ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಎಳೆಯಿರಿ: ಜಾರಿಹೋದರೆ ಕಾಂಪೌಂಡ್‌ನಿಂದ ಹೋದೀತು, ತಡೆದು ನಿಂತರೆ ಹೋಗದು, ಅದು ಪೇಂಟರಿನ ಕೆಲಸ. ಹೋಗದ್ದನ್ನು ಹಟ ಹಿಡಿದು ಉಜ್ಜಿದರೆ ಕ್ಲಿಯರ್ ಕೋಟ್ ಸವೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವುದೂ ಅದೇ ಪದರವಾದ್ದರಿಂದ ಸವೆದ ಕಡೆ ಕೆಲವು ವರ್ಷಗಳಲ್ಲಿ ಬಣ್ಣ ಮಾಸಿ ಸಿಪ್ಪೆ ಏಳುವ ಸಾಧ್ಯತೆ ಉಂಟು. ತಗಡು ಮಡಿಚುವ ಅಂಚುಗಳಲ್ಲಿ ಪದರ ಇನ್ನೂ ತೆಳು. ಅಲ್ಲಿ ನಾನು ಟೇಪು ಅಂಟಿಸಿಯೇ ಉಜ್ಜುತ್ತೇನೆ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೂ ಟೇಪು ಬೇಕು. ಪಾಲಿಶ್ ಅಲ್ಲಿ ಒಣಗಿದರೆ ಬಿಳಿ ಕಲೆ ಬೇಗ ಬಿಡುವುದಿಲ್ಲ.

ಪಾಲಿಶ್ ಎಷ್ಟೇ ಒಳ್ಳೆಯದಿದ್ದರೂ ಕೆಂಪು ಮಣ್ಣಿನ ಮೇಲೆ ಹಚ್ಚಿದರೆ ಅದು ಉಪ್ಪುಕಾಗದವಾಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಬೆಳಗಿನಿಂದ ಹತ್ತು ಗಾಡಿಗಳ ಚಕ್ರ ಒರೆಸಿದ ಬಟ್ಟೆಯೇ ನಮ್ಮ ಬಾನೆಟ್ಟಿಗೂ ಬರುವುದನ್ನು ಕಣ್ಣಾರೆ ಕಂಡ ಮೇಲೆ ನಾನು ಮನೆಯಲ್ಲೇ ತೊಳೆಯುತ್ತೇನೆ: ಮೊದಲು ಬರೀ ನೀರಿನಲ್ಲಿ ಮಣ್ಣೆಲ್ಲ ಇಳಿದುಹೋಗಬೇಕು, ಆಮೇಲೆ ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸಲೊಂದು ಎಂದು ಎರಡು ಬಕೆಟ್. ತೊಳೆದು ಒರೆಸಿದ ಮೇಲೆ ಬೆರಳುಗಳಿಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ಟನ್ನು ಸವರಿ ನೋಡಬೇಕು. ಬರಿಗೈಗೆ ನುಣುಪೆನಿಸಿದ್ದು ಕವರಿನೊಳಗಿಂದ ರವೆ ಚೆಲ್ಲಿದಂತೆ ತಾಗಿದರೆ ಮರದ ಅಂಟು, ಹಕ್ಕಿಯ ಹಿಕ್ಕೆ, ಡಾಂಬರು ಇತ್ಯಾದಿ ಇನ್ನೂ ಕಚ್ಚಿಕೊಂಡಿವೆ ಎಂದರ್ಥ. ಸಿಲ್ವರ್ ಓಕ್ ಮರದಡಿ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆಯನ್ನು ಸೋಪುನೀರಿನೊಡನೆ ಹಗುರವಾಗಿ ಆಡಿಸಿದರೆ ಅದೆಲ್ಲ ಕಿತ್ತು ಬರುತ್ತದೆ. ಮುದ್ದೆ ಕೈಜಾರಿ ನೆಲಕ್ಕೆ ಬಿದ್ದರೆ ಬೆಲೆ ನೋಡದೆ ಎಸೆಯಬೇಕು.

ಹಚ್ಚಲು ಸ್ಪಂಜಿನ ಬಿಲ್ಲೆ, ಒರೆಸಲು ಮೈಕ್ರೊಫೈಬರ್ ಬಟ್ಟೆ. ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ, ಅದರ ಹೊಲಿಗೆಯೇ ಹೊಸ ಗೀರು ಹಾಕುತ್ತದೆ. ಸುತ್ತು ಸುತ್ತಾಗಿ ಉಜ್ಜದೆ ಗಾಡಿಯ ಉದ್ದಕ್ಕೆ ನೇರವಾಗಿ ಉಜ್ಜಿದರೆ, ಗುರುತು ಉಳಿದರೂ ಒಂದೇ ಕೋನದಿಂದ ಮಾತ್ರ ಕಾಣುತ್ತದೆ. ಪೂರ್ತಿ ಗಾಡಿಗೆ ನನಗೆ ಐದು ಗಂಟೆ ಹಿಡಿಯಿತು, ಮರುದಿನ ಭುಜ ಏಳಲಿಲ್ಲ.

ಪಾಲಿಶ್ ಹೊಳಪು ಕೊಡುತ್ತದೆಯೇ ಹೊರತು ಮಳೆಯಿಂದ ಹೆಚ್ಚೇನೂ ಕಾಯುವುದಿಲ್ಲ, ಅದರ ಮೇಲೆ ಒಂದು ಕಾಪು ಬೇಕು. ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ ಕಡುಬಣ್ಣಕ್ಕೆ ಒಂದು ಬಗೆಯ ಬೆಚ್ಚಗಿನ ಹೊಳಪು ಕೊಡುತ್ತದೆ, ನನಗೂ ಅದು ಇಷ್ಟ; ಆದರೆ ಜೂನಿನಿಂದ ಸೆಪ್ಟೆಂಬರಿನವರೆಗಿನ ನಮ್ಮ ಮಳೆಯಲ್ಲಿ ನನ್ನ ಗಾಡಿಯ ಮೇಲೆ ಅದು ಮಳೆಗಾಲದ ಅರ್ಧದವರೆಗೂ ನಿಲ್ಲಲಿಲ್ಲ. ಈಗ ಮೇ ಕೊನೆಯಲ್ಲಿ ಸಿಂಥೆಟಿಕ್ ಸೀಲಂಟ್ ಎಂಬ ಕೃತಕ ಕಾಪುಲೇಪವನ್ನು ಹಚ್ಚುತ್ತೇನೆ. ಪಾಲಿಶ್ ಮಾಡುವುದು ಮಳೆ ನಿಂತ ಮೇಲೆ, ಕಾಫಿ ಕೊಯ್ಲಿಗೆ ಮುಂಚೆ, ವರ್ಷಕ್ಕೆ ಒಂದೇ ಸಲ. ಸಿರಾಮಿಕ್ ಕೋಟಿಂಗ್ ಎಂಬ ಗಟ್ಟಿ ಲೇಪ ಮಾಡಿಸುವವರು ಒಂದು ಮಾತು ನೆನಪಿಡಬೇಕು: ಗೀರು ತೆಗೆಯದೆ ಅದನ್ನು ಬಳಿದರೆ ಗೀರುಗಳು ಅದರ ಕೆಳಗೆ ಚೌಕಟ್ಟು ಹಾಕಿದ ಚಿತ್ರದಂತೆ ಉಳಿಯುತ್ತವೆ.

ಅಲ್ಟಿಮೇಟ್ ಪಾಲಿಶಿನ ಬಾಟಲಿಗೆ ಸಾವಿರ ರೂಪಾಯಿಗಿಂತ ಹೆಚ್ಚು ಬೀಳುತ್ತದೆ, ಡಬ್ಬಿಯ ಕಾಂಪೌಂಡಿನ ಪಕ್ಕದಲ್ಲಿಟ್ಟರೆ ದುಬಾರಿಯೇ. ಆದರೆ ಒಂದು ಭಾಗಕ್ಕೆ ಕಡಲೆಕಾಳಿನಷ್ಟು ದೊಡ್ಡ ನಾಲ್ಕೈದು ಹನಿ ಸಾಕಾಗುವುದರಿಂದ ಎರಡು ವರ್ಷವಾದರೂ ನನ್ನ ಬಾಟಲಿ ಅರ್ಧಕ್ಕಿಂತ ಕೆಳಗಿಳಿದಿಲ್ಲ. ಆ ಅಂಗಡಿಯ ಹೊಲೊಗ್ರಾಮುಗಳು ಎರಡು ಸುತ್ತಿನಲ್ಲಿ ಹೋದವು. ಬಲಗಡೆಯ ಹಿಂಬಾಗಿಲಿನ ಒಂದು ಗೀರು ಮಾತ್ರ ಇನ್ನೂ ಉಗುರಿಗೆ ತಡೆಯುತ್ತದೆ. ಅದನ್ನು ಹಾಗೇ ಬಿಟ್ಟು, ಅದಕ್ಕೆ ಕಾರಣವಾದ ತೋಟದ ಗೇಟಿನ ಚಿಲಕವನ್ನು ಬದಲಾಯಿಸಿದ್ದೇನೆ.