ಡೆರೆಕ್ ಜೀಟರ್: ಹೊಗಳಿಕೆ ಅತಿಯಾಯಿತೇ?

ಬೇಸ್‌ಬಾಲ್‌ನಲ್ಲಿ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ಕಾಯುವ ಆಟಗಾರನಾದ ಶಾರ್ಟ್‌ಸ್ಟಾಪ್‌ನಲ್ಲಿ ಮೊದಲು ನೋಡಬೇಕಾದದ್ದು ಕ್ಷೇತ್ರರಕ್ಷಣೆ ಎನ್ನುವವರಿಗೆ, ಆ ಜಾಗದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಆಡಿದ ಡೆರೆಕ್ ಜೀಟರ್ ಅವರಿಗೆ ಸಂದ ಹೊಗಳಿಕೆ ಅತಿಯೆನಿಸುವುದು ಸಹಜ. ಉತ್ತಮ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಗಳು ಐದು ಇದ್ದರೂ, ಅವರು ಓಡಿ ತಲುಪಬಲ್ಲ ವ್ಯಾಪ್ತಿ ಕಿರಿದಾಗಿತ್ತೆಂದು ಅಂಕಿಅಂಶಗಳ ವಿಶ್ಲೇಷಕರು ಹೇಳುತ್ತಲೇ ಬಂದಿದ್ದಾರೆ. ಶಾರ್ಟ್‌ಸ್ಟಾಪ್ ಆಗಿಯೇ ಎರಡು ಗೋಲ್ಡ್ ಗ್ಲವ್ ಗೆದ್ದು 2004ರಲ್ಲಿ ಅದೇ ತಂಡಕ್ಕೆ ಬಂದ ಅಲೆಕ್ಸ್ ರೊಡ್ರಿಗಸ್ ಮೂರನೆಯ ಬೇಸ್‌ಗೆ ಸರಿದು ಜೀಟರ್ ಅವರಿಗೆ ಜಾಗ ಉಳಿಸಿಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಕೌಶಲಕ್ಕಿಂತ ಹಿರಿತನಕ್ಕೆ ದೊರೆತ ಮನ್ನಣೆ. ಹೊಡೆತದ ಬಲದಲ್ಲಿಯೂ 696 ಹೋಮ್ ರನ್‌ಗಳ (ಎಲ್ಲ ಬೇಸ್‌ಗಳನ್ನೂ ಸುತ್ತಿಬರಲು ಸಾಕಾಗುವ ಹೊಡೆತಗಳ) ರೊಡ್ರಿಗಸ್ ಅವರೇ ಮುಂದು, ಆದರೆ ನಿಷೇಧಿತ ಮದ್ದಿನ ಕಳಂಕವನ್ನು ಬದಿಗಿಡಲಾಗದು. ಕೆಲವೇ ವರ್ಷಗಳ ಉತ್ತುಂಗ ಸಾಕೆಂದರೆ, 2000ದಲ್ಲಿ .372 ಬ್ಯಾಟಿಂಗ್ ಸರಾಸರಿ ಗಳಿಸಿ, ಮುಂದೆ ಗಾಯಗಳಿಂದ ಕುಗ್ಗಿದ ಇನ್ನೊಬ್ಬ ಶಾರ್ಟ್‌ಸ್ಟಾಪ್ ನೋಮಾರ್ ಗಾರ್ಸಿಯಪಾರಾ ಇದ್ದಾರೆ. ಬಾಳಿಕೆಯೇ ಮುಖ್ಯವೆನ್ನುವವರು ಮಾತ್ರ ಇಪ್ಪತ್ತು ಋತುಗಳಲ್ಲಿ 3,465 ಹಿಟ್‌ಗಳನ್ನೂ (ಬೇಸ್ ತಲುಪಿಸಿದ ಹೊಡೆತಗಳನ್ನೂ) ಋತುವಿನ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದು ಗೆಲುವುಗಳನ್ನೂ ಕಂಡ ಜೀಟರ್ ಅವರನ್ನೇ ನೆಚ್ಚಿಕೊಳ್ಳಬಹುದು.